ನಾಲ್ಕು ದಿನ ಎಂದು ಹೇಳಿದ್ದು ನಾನು

ಭಾವ, ಅಕ್ಕನ ಮುಖ ಸುಟ್ಟದ್ದು ಡಾಕ್ಟರ ತಪ್ಪಿನಿಂದಲ್ಲ — ನನ್ನ ಸುಳ್ಳಿನಿಂದ. ಆರು ವರ್ಷ ಇದನ್ನು ನಿಮ್ಮಿಂದ ಮುಚ್ಚಿಟ್ಟೆ.

ಅನ್ನನಾಳದ ಗಡ್ಡೆಗೆ ಅವಳಿಗೆ ಬೆಳಕಿನ ಚಿಕಿತ್ಸೆ ಮಾಡಿಸಿದ್ದು ನೆನಪಿದೆಯಲ್ಲ? ಮೊದಲು ಮದ್ದಿನ ಇಂಜೆಕ್ಷನ್, ಎರಡು ದಿನ ಬಿಟ್ಟು ಗಂಟಲೊಳಗೆ ನಳಿಕೆ ಇಳಿಸಿ ಕೆಂಪು ಬೆಳಕು. ನೀವು ಔಷಧಿ ತರಲು ಹೋಗಿದ್ದಿರಿ, ಅಕ್ಕ ಮಂಪರಿನಲ್ಲಿದ್ದಳು. ಡಾಕ್ಟರು ನನ್ನನ್ನೇ ಕರೆದು ಹೇಳಿದರು — ಮದ್ದು ಇನ್ನೂ ಮೈಯಲ್ಲಿದೆ, ಐದು ವಾರ ಬಿಸಿಲು ತಾಗಲೇಬಾರದು, ತಾಗಿದರೆ ಚರ್ಮ ಬೇಯುತ್ತದೆ.

ಹನ್ನೆರಡನೇ ದಿನಕ್ಕೆ ನಂದೊಳ್ಳಿಯಲ್ಲಿ ನನ್ನ ಮಗಳ ನಿಶ್ಚಿತಾರ್ಥ. ದೊಡ್ಡಮ್ಮ ಏಕೆ ಬರಲಿಲ್ಲ ಎಂದು ಗಂಡಿನವರು ಕೇಳಿದರೆ — ಕಾಯಿಲೆಯ ಹೆಸರು ಹೊರಬಿದ್ದು ಸಂಬಂಧ ತಪ್ಪಿಹೋದರೆ...

ಎಚ್ಚರವಾದ ಅಕ್ಕ ಕೇಳಿದಳು, "ಡಾಕ್ಟ್ರು ಎಂತ ಹೇಳಿದ್ರೇ?"

"ನಾಲ್ಕು ದಿನ ಮನೆಯೊಳಗೆ ಇದ್ರೆ ಸಾಕಂತೆ" ಎಂದೆ.

ಅವಳು ನಂಬಿದಳು, ಬಂದಳು. ಗಂಜಿ ಮತ್ತೆ ಸಲೀಸಾಗಿ ಇಳಿಯುತ್ತಿದೆಯೆಂದು ಎಷ್ಟು ಖುಷಿ ಅವಳಿಗೆ! ಮಟಮಟ ಮಧ್ಯಾಹ್ನ ಬೀಗಿತ್ತಿಯ ಪಕ್ಕ ಅಂಗಳದಲ್ಲಿ ಫೋಟೋಕ್ಕೆ ನಿಂತಳು. ಒಳಗೆ ಕರೆಯಲು ಒಂದು ಮಾತು ಸಾಕಿತ್ತು — ನಾನು ಕಂಡೂ ಸುಮ್ಮನಿದ್ದೆ. ಸಂಜೆಯೊಳಗೆ ಅವಳ ಮುಖ ಊದಿಕೊಂಡು, ಕೈ ಮೇಲೆಲ್ಲ ಬೊಕ್ಕೆ ಎದ್ದವು.

ಎರಡನೇ ಸಲದ ಚಿಕಿತ್ಸೆಗೆ ಕರೆದಾಗ ಅವಳು ಹೊರಡಲಿಲ್ಲ. "ಬ್ಯಾಡ ಮಾರಾಯ್ತಿ, ಆ ಮದ್ದು ನಂಗೆ ಆಗೂದಿಲ್ಲ" ಎಂದಳು. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಗಡ್ಡೆ ಬೆಳೆದು ನುಂಗುವುದು ಮತ್ತೆ ಕಷ್ಟವಾಯಿತು. ಚಿಕಿತ್ಸೆ ಮುಂದುವರಿದಿದ್ದರೆ ಬದುಕುತ್ತಿದ್ದಳೋ ಇಲ್ಲವೋ, ನನಗೆ ಗೊತ್ತಿಲ್ಲ. ಕೊನೆಯ ತಿಂಗಳು ನೀರಾದರೂ ಇಳಿಯುತ್ತಿತ್ತೇನೋ —

ಮೊನ್ನೆ ಕಾನಸೂರಿನ ನಿಮ್ಮ ಮನೆಗೆ ಬಂದಾಗ ಗೊತ್ತಾಯಿತು, ನಿಮ್ಮ ತಮ್ಮನಿಗೂ ಅದೇ ಗಡ್ಡೆ, ಅದೇ ಚಿಕಿತ್ಸೆ ಹೇಳಿದ್ದಾರೆ. "ಅದು ಸುಡೂ ಮದ್ದು, ನನ್ನ ಹೆಂಡ್ತಿಗೆ ಆದದ್ದು ಸಾಕು" ಎಂದಿರಿ. ಅವನು ತಲೆಯಾಡಿಸಿದ. ನಾನು ಅಲ್ಲೇ ಕೂತಿದ್ದೆ — ಮತ್ತೆ ಬಾಯಿ ಬಿಡಲಿಲ್ಲ.

ಅವನನ್ನು ಕರೆದುಕೊಂಡು ಹೋಗಿ, ಭಾವ. ಡಾಕ್ಟರು ಹೇಳುವುದನ್ನು ನೀವೇ ಎದುರು ನಿಂತು ಕೇಳಿ, ಇನ್ನೊಬ್ಬರ ಬಾಯಿಂದ ಬೇಡ. ಇದನ್ನು ಓದಿದ ಮೇಲೆ ನನ್ನ ಮುಖ ನೋಡಬಾರದು ಅನ್ನಿಸಿದರೆ ನೋಡಬೇಡಿ. ಮಗಳಿಗೆ ಇವತ್ತು ನಾನೇ ಹೇಳುತ್ತೇನೆ — ದೊಡ್ಡಮ್ಮನನ್ನು ಯಾರು ಬಿಸಿಲಿಗೆ ನಿಲ್ಲಿಸಿದರು ಎಂದು.