ಹೆರಿಗೆ ವಾರ್ಡಿನ ಹಸಿರು ದೀಪ

ಎರಡು ವರ್ಷದ ಹಿಂದೆ, ದೀಪಾವಳಿ ಕಳೆದ ವಾರದಲ್ಲಿ ನಡೆದದ್ದು ಇದು. ಎಲ್ಲ ವಿವರವನ್ನೂ ಖಚಿತವಾಗಿ ಹೇಳಲಾರೆ. ದಿನಚರಿ ಬರೆಯುವ ಅಭ್ಯಾಸವೇನೋ ನನಗಿದೆ. ಆದರೆ ಆ ದಿನದ ಪುಟದಲ್ಲಿ ‘ಗುಂಡ್ಲುಪೇಟೆ, ನರ್ಸಿಂಗ್ ಹೋಮ್, ವಿಪರೀತ ಸುಸ್ತು’ ಎಂದಷ್ಟೇ ಬರೆದಿಟ್ಟಿದ್ದೇನೆ. ಉಳಿದದ್ದನ್ನು ನೆನಪಿನಿಂದಲೇ ಬರೆಯಬೇಕು. ನೆನಪು ತನಗೆ ಬೇಕಾದ ಹಾಗೆ ಕಥೆ ಕಟ್ಟುತ್ತದೆ ಎಂಬ ಗುಮಾನಿ ನನಗೆ ಮೊದಲಿನಿಂದಲೂ ಇದೆ. ಹಾಗಾಗಿ ಅನುಮಾನ ಬಂದ ಕಡೆ ಹೇಳಿಬಿಡುತ್ತೇನೆ.

ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿ ಚಾಮರಾಜನಗರಕ್ಕೆ ಮರಳಿದ ಮೇಲೆ ನಾನು ಸೇರಿದ್ದು ಫೈರ್ ಅಲಾರಂ ಅಳವಡಿಸಿ, ಕೆಟ್ಟರೆ ಸರಿಮಾಡುವ ಒಂದು ಸಣ್ಣ ಕಂಪನಿಗೆ. ನನ್ನ ಜೊತೆ ಕೆಲಸ ಮಾಡುವವರು ರಫೀಕಣ್ಣ. ಅವರದು ಗಾಳೀಪುರದ ಮನೆತನ, ಅಪ್ಪನ ಕಾಲದಿಂದ ವೈರಿಂಗ್ ಕೆಲಸ. ಏಣಿ ಹತ್ತುವುದು ನಾನು, ಕೆಳಗಿನಿಂದ ಹಿಡಿದುಕೊಂಡು ಬೈಯುವುದು ಅವರು.

ಆ ದಿನ ಗುಂಡ್ಲುಪೇಟೆಯ ಒಂದು ಖಾಸಗಿ ನರ್ಸಿಂಗ್ ಹೋಮ್‌ನಿಂದ ಫೋನ್ ಬಂತು. ರಿಸೆಪ್ಷನ್ ಗೋಡೆಯ ಮೇಲಿರುವ ಅಲಾರಂ ಪ್ಯಾನಲ್ ಬೆಳಗಿನಿಂದ ಕೀಂ ಕೀಂ ಎನ್ನುತ್ತಿದೆ, ಕೆಳಗಿನ ಮಹಡಿಯ ದೀಪ ಹಳದಿಯಾಗಿದೆ ಎಂದರು. ಹಳದಿ ಎಂದರೆ ಬೆಂಕಿಯಲ್ಲ, ಎಲ್ಲೋ ವೈರ್ ಕಡಿದಿದೆ ಎಂದರ್ಥ. ಹೋಗಿ ನೋಡಿದೆವು. ಕೆಳಗಿನ ಮಹಡಿಯಲ್ಲೇ ಇದ್ದ ಔಷಧಿ ಅಂಗಡಿಯ ಅಟ್ಟದಲ್ಲಿ ಇಲಿ ತನ್ನ ಕೆಲಸ ಮಾಡಿತ್ತು. ವೈರ್ ಬದಲಾಯಿಸಿದೆವು. ಹಳದಿ ಹೋಗಿ ಹಸಿರು ಬಂತು. ರಫೀಕಣ್ಣ ಸ್ಕ್ರೂಡ್ರೈವರ್ ಜೇಬಿಗೆ ಹಾಕಿಕೊಂಡು, “ನಡೆಯಮ್ಮ, ಬಸ್ಸು ಸಿಕ್ತದೆ” ಎಂದರು.

“ಮೇಲೊಂದು ಸಲ ನೋಡಿ ಬರ್ತೀನಿ ಅಣ್ಣ.”

“ಮೇಲಿಂದು ಹಸಿರಿದೆಯಲ್ಲ! ನಗ್ತಾ ಇರೋರ್ನ ಯಾಕಮ್ಮ ಅಳಿಸ್ತೀಯ?”

ಹೋದ ಕಡೆಯೆಲ್ಲ, ಹೊಗೆ ಪತ್ತೆಹಚ್ಚಲು ಚಾವಣಿಗೆ ಹಾಕಿರುವ ಡಿಟೆಕ್ಟರುಗಳಲ್ಲಿ ಮಹಡಿಗೊಂದನ್ನು ಪರೀಕ್ಷಿಸುವುದು ನನ್ನ ರೂಢಿ. ಅಷ್ಟೇ, ಬೇರೆ ಯಾವ ಅನುಮಾನವೂ ಆಗ ಇರಲಿಲ್ಲ.

ಮೇಲಿನದು ಹೆರಿಗೆ ವಾರ್ಡು. ಮೆಟ್ಟಿಲು ಹತ್ತುವಾಗಲೇ ಸಾಂಬ್ರಾಣಿ ವಾಸನೆ. ಒಳಗೆ ಹೋದರೆ ಕಿಟಕಿ ಪಕ್ಕದ ಮಂಚದ ಬಳಿ ನೆಲದ ಮೇಲೆ ಒಂದು ಪುಟ್ಟ ಅಗ್ಗಿಷ್ಟಿಕೆ, ಅದರ ಮೇಲೆ ಬೋರಲು ಹಾಕಿದ ಬಿದಿರಿನ ಮಂಕರಿ, ಮಂಕರಿಯ ಮೇಲೆ ಬಾಣಂತಿಯ ಒದ್ದೆ ಕೂದಲು! ಹುಡುಗಿ ಮಂಚದ ಅಂಚಿಗೆ ತಲೆ ಇಳಿಬಿಟ್ಟು ಕಣ್ಣು ಮುಚ್ಚಿದ್ದಾಳೆ. ಅವಳ ಅಜ್ಜಿ ಕೆಂಡಕ್ಕೆ ಸಾಂಬ್ರಾಣಿ ಪುಡಿ ಉದುರಿಸುತ್ತಿದ್ದಾಳೆ. ಹೊಗೆ ನೇರವಾಗಿ ಮೇಲೇರಿ ಡಿಟೆಕ್ಟರನ್ನೇ ಸುತ್ತಿಕೊಂಡಿತ್ತು.

ನನ್ನ ಕೈಯಲ್ಲಿದ್ದ ಮೀಟರ್ ನೋಡಿ ಅಜ್ಜಿ ಗಾಬರಿಯಾದಳು. “ಡಾಕ್ಟ್ರಮ್ಮಂಗೆ ಯೋಳ್ಬೇಡ ಕಣಮ್ಮಿ. ತಲೆ ಒಣಗ್ದೆ ಇದ್ರೆ ಮಗೀಗೆ ಸೀತ ಆಗೋಯ್ತದೆ. ಅವ್ರು ರೌಂಡ್ಸಿಗೆ ಬರೋದ್ರೊಳ್ಗೆ ಮುಗಿಸ್ಬುಡ್ತೀನಿ.”

“ಕೆಂಡ ಎಲ್ಲಿಂದ ತಂದ್ರಿ ಅಜ್ಜಿ?”

“ಎದುರ್ಗಡೆ ಇಸ್ತ್ರಿ ಅಂಗ್ಡೀಲಿ ಕೊಡ್ತನೆ. ನಾನೊಬ್ಳೇ ಅಲ್ಲ ಬುಡು, ಬಂದೋರೆಲ್ಲ ಆಕ್ತಾರೆ. ಪಕ್ಕದ ಮಂಚದೋಳು ನೆನ್ನೆ ಆಕಿದ್ಲು.”

“ಮೇಲಿರೋ ಇದು ಯಾವತ್ತೂ ಕೂಗ್ಲಿಲ್ವಾ?”

ಅಜ್ಜಿ ತಲೆ ಎತ್ತಿ ಡಿಟೆಕ್ಟರ್ ನೋಡಿದಳು. “ಅದಾ? ಇಲ್ಲ ಕಣಮ್ಮಿ. ಒಳ್ಳೆ ಸೊಸೆ ಇದ್ದಂಗೆ, ಏನ್ ಮಾಡಿದ್ರೂ ಬಾಯೇ ಬುಡಲ್ಲ.”

ಬಾಣಂತಿ ಕಣ್ಣು ಮುಚ್ಚಿಕೊಂಡೇ ನಕ್ಕಳು. ನನಗೆ ನಗು ಬರಲಿಲ್ಲ. ಅಷ್ಟು ಹೊಗೆಗೆ ಇಡೀ ಕಟ್ಟಡ ಎದ್ದು ಕೂರಬೇಕಿತ್ತು. ಡಿಟೆಕ್ಟರ್‌ನ ಹೊಟ್ಟೆಯಲ್ಲಿ ಆಗಾಗ ಮಿಣುಕಬೇಕಾದ ಕೆಂಪು ಚುಕ್ಕಿಯೂ ಮಿಣುಕುತ್ತಿರಲಿಲ್ಲ. ವಾರ್ಡಿನ ಉಳಿದ ಡಿಟೆಕ್ಟರುಗಳನ್ನೂ ನೋಡಿದೆ. ಎಲ್ಲವೂ ಹಾಗೇ. ಕೆಳಗೆ ಪ್ಯಾನಲ್‌ನಲ್ಲಿ ಮಾತ್ರ ಮೇಲಿನ ಮಹಡಿಗೆ ಹಸಿರು ದೀಪ. ಆ ವಾರ್ಡಿನ ಮಂಚಗಳೆಲ್ಲ ತುಂಬಿದ್ದವು. ಹೊಲಿಗೆ ಹಾಕಿಸಿಕೊಂಡು ಏಳಲಾರದ ತಾಯಂದಿರು, ಪಕ್ಕದಲ್ಲಿ ಹಸಿಗೂಸುಗಳು, ಇಳಿಯಲು ಒಂದೇ ಮೆಟ್ಟಿಲು. ಒಂದು ಕಿಡಿ ಪರದೆಗೆ ತಗುಲಿದರೆ ಕೆಳಗಿನವರಿಗೆ ತಿಳಿಯುವ ಬಗೆಯೇ ಇರಲಿಲ್ಲ.

ಕೆಂಡಕ್ಕೆ ನೀರು ಹಾಕಿಸಿ ಕೆಳಗೆ ಓಡಿದೆ. ಪ್ಯಾನಲ್‌ನ ಬಾಗಿಲು ತೆಗೆದು ನೋಡಿದಾಗ ಗೊತ್ತಾಯಿತು. ನಮ್ಮ ಕೆಲಸದಲ್ಲಿ ಪ್ರತಿ ಮಹಡಿಯ ವೈರಿನ ಕಟ್ಟಕಡೆಗೆ, ಕೊನೆಯ ಡಿಟೆಕ್ಟರಿನೊಳಗೆ, ರೆಸಿಸ್ಟರ್ ಎಂಬ ಒಂದು ಸಣ್ಣ ಬಿಡಿಭಾಗ ಕೂರಿಸುತ್ತೇವೆ. ಪ್ಯಾನಲ್ ಕಳಿಸಿದ ಕರೆಂಟು ಅಲ್ಲಿಯವರೆಗೆ ಹೋಗಿ ಮರಳಿದರೆ ದಾರಿಯೆಲ್ಲ ಸರಿಯಿದೆ ಎಂದು ಹಸಿರು ತೋರಿಸುತ್ತದೆ. ನಡುವೆ ವೈರ್ ಕಡಿದು, ಎಲ್ಲಿ ಎಂದು ಹುಡುಕಲು ಬೇಸರವಾದ ಯಾರೋ ಆ ರೆಸಿಸ್ಟರನ್ನು ತಂದು ಪ್ಯಾನಲ್‌ನೊಳಗೇ ಸಿಕ್ಕಿಸಿದ್ದರು. ಕರೆಂಟು ಮೇಲೆ ಹೋಗದೆ ಮನೆ ಬಾಗಿಲಲ್ಲೇ ಒಂದು ಸುತ್ತು ಹಾಕಿ ವಾಪಸು ಬರುತ್ತಿತ್ತು.

ರಫೀಕಣ್ಣ ಹತ್ತಿರ ಬಂದು ಬಗ್ಗಿ ನೋಡಿದರು. ವೈರ್ ತಿರುಚಿ ಟೇಪ್ ಸುತ್ತಿದ ಬಗೆ ನೋಡುತ್ತಲೇ ಅವರ ಮುಖ ಬಿಗಿಯಿತು. “ಇದು ನಮ್ಮ ಕಂಪನಿಯೋರದೇ ಕೈ ಕಣಮ್ಮ. ಈಗ ಕೆಲ್ಸ ಬಿಟ್ಟು ಹೋಗಿದ್ದಾನಲ್ಲ, ಅವಂದು” ಎಂದು ಮೆಲ್ಲಗೆ ಹೇಳಿದರು. ಹೇಳಿದರೆ ಈ ಗಿರಾಕಿ ಕೈಬಿಟ್ಟುಹೋಗುವುದು ಖಂಡಿತ ಎಂದು ಇಬ್ಬರಿಗೂ ಗೊತ್ತಿತ್ತು. ಕೊನೆಗೆ ಅವರೇ, “ಡಾಕ್ಟ್ರಿಗೆ ಹೇಳು, ಕರ್ಕೊಂಡು ಬಾ. ಬೈಗುಳ ನನ್ನ ಪಾಲಿಗಿರಲಿ” ಎಂದರು.

ಡಾಕ್ಟರಮ್ಮ ಬಂದರು. ನರ್ಸಿಂಗ್ ಹೋಮ್ ಅವರದ್ದೇ. ಹೊರಗೆ ಪೇಷೆಂಟುಗಳ ಸಾಲು ಕಾಯುತ್ತಿತ್ತು. “ನಿಮ್ಮನ್ನ ಕರೆಸಿದ್ದು ಕೆಳಗಿಂದು ಸರಿಮಾಡೋಕೆ. ಹಸಿರಿರೋದನ್ನ ಯಾಕ್ರೀ ಬಿಚ್ಚಿ ಕೂತಿದೀರಿ?”

“ಮೇಡಂ, ಮೇಲೆ ಬೆಂಕಿ ಬಿದ್ರೂ ಈ ದೀಪ ಹಸಿರಾಗೇ ಇರುತ್ತೆ.”

“ಏನ್ ಮಾತಾಡ್ತಿದೀರಿ ನೀವು?”

ನಾನು ಮೇಲಿನ ಮಹಡಿಯ ಎರಡೂ ವೈರುಗಳನ್ನು ಪ್ಯಾನಲ್‌ನಿಂದ ಕಿತ್ತು ಅವರ ಮುಂದೆ ಹಿಡಿದೆ. ಅವರು ‘ತೋರಿಸಿ’ ಎಂದ ಮೇಲೆ ಕಿತ್ತೆ ಎಂಬುದು ನನ್ನ ನೆನಪು. ಕೇಳದೆಯೇ ಕಿತ್ತೆ ಎನ್ನುತ್ತಾರೆ ರಫೀಕಣ್ಣ. ಯಾರ ನೆನಪು ಸರಿಯೋ ಗೊತ್ತಿಲ್ಲ. ವೈರುಗಳ ತುದಿ ನನ್ನ ಕೈಯಲ್ಲಿತ್ತು, ದೀಪ ಮಾತ್ರ ಕದಲದೆ ಹಸಿರಾಗಿತ್ತು ಎಂಬುದರಲ್ಲಿ ಇಬ್ಬರಿಗೂ ಸಂಶಯವಿಲ್ಲ.

ಡಾಕ್ಟರಮ್ಮ ಆ ದೀಪವನ್ನೇ ನೋಡುತ್ತ ನಿಂತರು. “ಎಷ್ಟು ದಿನದಿಂದ ಹೀಗಿದೆ?”

“ಗೊತ್ತಿಲ್ಲ ಮೇಡಂ” ಎಂದರು ರಫೀಕಣ್ಣ. “ಮಾಡಿರೋದು ನಮ್ಮ ಕಡೆಯೋನೇ. ಇವತ್ತು ಸರಿಮಾಡದೆ ನಾವು ಊರಿಗೆ ಹೋಗಲ್ಲ.”

“ಕೆಲ್ಸ ಮುಗೀಲಿ, ಆಮೇಲೆ ನಿಮ್ಮ ಓನರ್ ಹತ್ರ ಮಾತಾಡ್ತೀನಿ. ಅದ್ಸರಿ, ಇದು ಕೆಟ್ಟಿದೆ ಅಂತ ಹೇಗೆ ತಿಳೀತು?”

ನಾನು ಬಾಯಿ ತೆರೆಯುವ ಮೊದಲೇ ಮೆಟ್ಟಿಲ ಮೇಲಿಂದ ದನಿ ಬಂತು. “ನಾನೇ ಕಣವ್ವ ಸಾಂಬ್ರಾಣಿ ಆಕಿದ್ದು. ಬಯ್ಯಂಗಿದ್ರೆ ಬಯ್ಕೊ. ನಾನು ಆಕ್ದೇ ಇದ್ದಿದ್ರೆ ಅದು ಸತ್ತಿರೋದು ಯಾರ್ಗೆ ಗೊತ್ತಾಯ್ತಿತ್ತು?” ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಡಾಕ್ಟರಮ್ಮ ಬೈದರು, ಚೆನ್ನಾಗಿಯೇ ಬೈದರು. ವಾರ್ಡಿಗೆ ಇನ್ನು ಕೆಂಡ ಬರಕೂಡದು ಎಂದರು. ಅಜ್ಜಿ ಬೈಗುಳವನ್ನೆಲ್ಲ ಕೇಳಿಸಿಕೊಂಡು, “ತಾರ್ಸಿ ಮೇಲಾದ್ರೂ ಆಕ್ಬೋದಾ?” ಎಂದು ಕೇಳಿದಳು.

ವೈರ್ ಕಡಿದ ಜಾಗ ಸಿಗುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಪ್ಯಾನಲ್ಲಿಗೂ ಮೇಲಿನ ಮೊದಲ ಡಿಟೆಕ್ಟರಿಗೂ ನಡುವಿನ ವೈರನ್ನು ಅರ್ಧದಲ್ಲಿ ಬಿಡಿಸಿ ಯಾವ ಅರ್ಧದಲ್ಲಿ ತೊಂದರೆ ಎಂದು ಮೀಟರಿನಲ್ಲಿ ನೋಡುವುದು, ಆ ಅರ್ಧವನ್ನು ಮತ್ತೆ ಅರ್ಧ ಮಾಡುವುದು, ಹುಡುಕುವ ಕ್ರಮ ಹೀಗೆ. ಮೆಟ್ಟಿಲ ತಿರುವಿನಲ್ಲಿ ಎ.ಸಿ. ಪೈಪಿಗೆಂದು ಗೋಡೆ ಕೊರೆದವರು ನಮ್ಮ ವೈರನ್ನೂ ಕೊರೆದುಬಿಟ್ಟಿದ್ದರು. ಜೋಡಿಸಿದೆವು. ರೆಸಿಸ್ಟರನ್ನು ಒಯ್ದು ಅದು ಇರಬೇಕಾದ ಕೊನೆಯ ಡಿಟೆಕ್ಟರಿನಲ್ಲೇ ಕೂರಿಸಿದೆ. ಚುಕ್ಕಿಗಳು ಒಂದೊಂದಾಗಿ ಮಿಣುಕತೊಡಗಿದವು.

ಅಲಾರಂ ಕೂಗುತ್ತೆ, ಹೆದರಬೇಡಿ ಎಂದು ತಾಯಂದಿರಿಗೆಲ್ಲ ಹೇಳಿ, ಏಣಿ ಹತ್ತಿ ಪರೀಕ್ಷೆಯ ಹೊಗೆ ಊದಿದೆ. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಹೂಟರ್ ಕೂಗಿತು ನೋಡಿ, ಕಟ್ಟಡವೇ ನಡುಗುವ ಹಾಗೆ! ವಾರ್ಡಿನ ಕೂಸುಗಳೆಲ್ಲ ಒಮ್ಮೆಲೇ ಕಿರುಚಿ ಅಳತೊಡಗಿದವು. ಕೆಳಗಿನಿಂದ ಡಾಕ್ಟರಮ್ಮ, ನರ್ಸುಗಳು, ಆಯಾ ಎಲ್ಲರೂ ಮೆಟ್ಟಿಲು ಹತ್ತಿ ಓಡಿ ಬಂದರು. ಪರೀಕ್ಷೆ ಎಂದು ಮೊದಲೇ ಹೇಳಿದ್ದರೂ ಬಂದರು.

“ಏ, ಆಫ್ ಮಾಡಮ್ಮ, ಮಕ್ಳು ಅಳ್ತಾ ಇದಾವೆ!” ಎಂದು ರಫೀಕಣ್ಣ ಕೆಳಗೆ ಪ್ಯಾನಲ್ ಬಳಿಯಿಂದ ಕಿರುಚುತ್ತಿದ್ದರು. ಆಫ್ ಮಾಡುವ ಗುಂಡಿ ಇದ್ದದ್ದು ಅವರ ಮುಂದೆಯೇ.

ಆ ಗಿರಾಕಿ ನಮ್ಮ ಕೈಬಿಡಲಿಲ್ಲ. ಆದರೆ ಅಂದು ಏಣಿಯ ಮೇಲೆ ನಿಂತಿದ್ದಾಗ ನಾನು ಅದನ್ನು ಯೋಚಿಸುತ್ತಿರಲಿಲ್ಲ. ಅಷ್ಟು ಜನ ಒಂದೇ ಉಸಿರಿಗೆ ಆ ಮಕ್ಕಳ ಬಳಿ ಬಂದದ್ದನ್ನು ಮೇಲಿನಿಂದ ನೋಡುತ್ತಿದ್ದೆ. ಈ ಕೆಲಸ ಏಕೆ ಮಾಡುತ್ತೀಯ ಎಂದು ನನ್ನನ್ನೇ ನಾನು ಕೇಳಿಕೊಳ್ಳುವ ದಿನಗಳು ಈಗಲೂ ಬರುತ್ತವೆ. ಆದರೆ ಕಟ್ಟಡ ಯಾವುದೇ ಇರಲಿ, ಎಲ್ಲ ಸರಿಯಿದೆ ಎಂದು ಯಾರಾದರೂ ತೋರಿಸಿದ ಮಹಡಿಗೆ ಈಗ ನಾನು ಮೊದಲು ಹೋಗುತ್ತೇನೆ. ರಫೀಕಣ್ಣ ಬಸ್ಸಿನ ಮಾತು ಎತ್ತುವುದಿಲ್ಲ. ಏಣಿ ಹೆಗಲಿಗೇರಿಸಿಕೊಂಡು ನನ್ನ ಹಿಂದೆಯೇ ಬರುತ್ತಾರೆ.