ದವಡೆಯಲ್ಲಿ ಇಟ್ಟುಕೊಂಡ ಹುಳಿ ಗುಳಿಗೆ

ಹೋದ ವರ್ಷ ಎಳ್ಳ ಅಮಾವಾಸ್ಯೆಯ ದಿನ ತಿಕೋಟಾದ ನಮ್ಮ ಹೊಲದಲ್ಲಿ ಮನೆಯವರೆಲ್ಲ ಊಟಕ್ಕೆ ಕುಳಿತಿದ್ದೆವು. ಕಡಕ್ ಸಜ್ಜೆ ರೊಟ್ಟಿ ಕಚ್ಚಿದೆ. ಎಡಗಡೆಯ ಹಲ್ಲೊಂದು ಮುರಿಯಿತು. ಯಾರಿಗೂ ಹೇಳದೆ ಉಗುಳಿದೆ. ಮಗ ನೋಡಿಬಿಟ್ಟ.

ಮರುದಿನ ವಿಜಯಪುರಕ್ಕೆ, ಸಿದ್ಧೇಶ್ವರ ಗುಡಿಯ ಹತ್ತಿರದ ಹಲ್ಲಿನ ಡಾಕ್ಟರ ಬಳಿ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ನನಗೆ ಒಂದೇ ಚಿಂತೆ. ಎಲ್ಲ ಹಲ್ಲು ಕಿತ್ತರೆ ರೊಟ್ಟಿ ಹೋಯಿತು. ಹಾಲು ಅನ್ನ ಕಲಸಿಕೊಂಡು ಬದುಕುವುದು ನನ್ನಿಂದಾಗದು.

ಡಾಕ್ಟರಮ್ಮ ಸಣ್ಣ ವಯಸ್ಸಿನವಳು. ಬಾಯಿ ನೋಡಿ, "ಅಜ್ಜಿ, ಬಲಗಡೆ ಹಲ್ಲ ಛಲೋ ಅದಾವ. ಎಡಗಡೆ ಅಷ್ಟ ಸವದಾವ. ತಂಬಾಕ ಈ ಕಡೆ ಇಡ್ತೀರೇನು?" ಎಂದಳು.

"ತಂಬಾಕ ಬಿಟ್ಟು ಭಾಳ ದಿನ ಆತ್ರಿ."

"ಮತ್ತ ಈಗ ಏನ ಇಡ್ತೀರಿ?"

ಸೊಂಟದ ಎಲೆ ಸಂಚಿ ಬಿಚ್ಚಿ ತೋರಿಸಿದೆ. ಒಳಗೆ ಕಿತ್ತಳೆ ಬಣ್ಣದ, ಹುಳಿ ಹುಳಿ ವಿಟಮಿನ್ ಸಿ ಗುಳಿಗೆ. ಹಿಂದೆ ವಸಡಿನಿಂದ ರಕ್ತ ಬರುತ್ತಿದ್ದಾಗ ಊರಿನ ಡಾಕ್ಟರರು ಒಂದು ತಿಂಗಳಿಗೆಂದು ಕೊಟ್ಟಿದ್ದರು. ರಕ್ತ ನಿಂತಿತು. ನಾನು ನಿಲ್ಲಿಸಲಿಲ್ಲ. ವರ್ಷಗಟ್ಟಲೆ ಅಂಗಡಿಯಿಂದ ತರಿಸಿಕೊಂಡೆ.

"ದವಡ್ಯಾಗ ಇಟ್ಕೊಂಡು ಚೀಪತೇನ್ರಿ. ಕರಗಿದ ಮ್ಯಾಲ ಇನ್ನೊಂದು" ಎಂದೆ.

"ಯವ್ವಾ, ಅದೇನ ಪೆಪ್ಪರಮಿಂಟೇನ ಬೇ?" ಎಂದ ಮಗ.

"ನೀ ಸುಮ್ಮ ಕೂಡು."

ಡಾಕ್ಟರಮ್ಮ ನಗಲಿಲ್ಲ. "ವಿಟಮಿನ್ ಕೆಟ್ಟದ್ದಂತ ಅನ್ನಂಗಿಲ್ಲ ಅಜ್ಜಿ. ಆದ್ರ ಹುಳಿ ಹಿಂಗ ದಿನಾ ಬಾಯಾಗ ಕುಂತ್ರ ಹಲ್ಲ ತಿಂತೈತಿ. ಉಳಿದ ಹಲ್ಲ ಬೇಕಂದ್ರ ಇದನ್ನ ಬಿಡ್ರಿ. ಊಟದಾಗ ಹಸಿ ಮೆಂತೆ, ಪೇರಲ ತಿನ್ರಿ. ಇಷ್ಟ ದಿನ ಯಾಕ ತಿಂದ್ರಿ?"

ನಾನು ಸಂಚಿಯ ದಾರ ಎಳೆದು ಕಟ್ಟಿದೆ. ಏನೆಂದು ಹೇಳಲಿ? ಓಣಿಯ ಹುಸೇನಬಿ ಮತ್ತು ನಾನು ಮಧ್ಯಾಹ್ನವೆಲ್ಲ ಕಟ್ಟೆಯ ಮೇಲೆ ಕುಳಿತು ಎಲೆ ತಂಬಾಕು ಹಾಕುತ್ತಿದ್ದೆವು. ಅವಳು ಸುಣ್ಣ ಹಚ್ಚಿಕೊಟ್ಟರೆ ನಾನು ಅಡಿಕೆ ಕತ್ತರಿಸುತ್ತಿದ್ದೆ. ಅವಳು ಸತ್ತಳು. ಒಬ್ಬಳೇ ಎಲೆ ಹಾಕಲು ಮನಸ್ಸಾಗದೆ ಬಿಟ್ಟೆ. ಮಗ ಸೊಸೆ ದುಡಿಯಲು ಹೋದ ಮೇಲೆ ಮನೆಯಲ್ಲಿ ಸದ್ದಿಲ್ಲ. ಆಗ ತಂಬಾಕು ಇಡುತ್ತಿದ್ದ ಅದೇ ಎಡ ದವಡೆಗೆ ಈ ಗುಳಿಗೆ ಇಟ್ಟುಕೊಂಡೆ.

ಡಾಕ್ಟರಮ್ಮ ಮುರಿದ ಹಲ್ಲು ಕಿತ್ತಳು, ಸವೆದವಕ್ಕೆ ಸಿಮೆಂಟು ತುಂಬಿದಳು. ರೊಟ್ಟಿ ಉಳಿಯಿತು. ಬಲಗಡೆ ಅಗಿಯುತ್ತೇನೆ. ಸಂಚಿ ಗೂಟಕ್ಕೆ ನೇತುಹಾಕಿದ್ದೇನೆ, ಖಾಲಿ. ಈಗಲೂ ಕಟ್ಟೆಯ ಮೇಲೆ ಕುಳಿತರೆ ನಾಲಿಗೆ ತಾನಾಗಿಯೇ ಎಡಗಡೆಗೆ ಹೋಗಿ ಹುಡುಕುತ್ತದೆ.

ಹಲ್ಲು ಹೇಗೆ ಉಳಿಸಿಕೊಳ್ಳಬೇಕೆಂದು ಆ ಹುಡುಗಿ ಚೆನ್ನಾಗಿ ಹೇಳಿಕೊಟ್ಟಳು. ಬರೀ ಬಾಯಲ್ಲಿ ಮಧ್ಯಾಹ್ನ ಕಳೆಯುವುದು ಹೇಗೆಂದು ನಾನು ಕೇಳಲಿಲ್ಲ.