ಖಾಲಿ ಗೋದಲಿಯ ಫೋಟೋ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಯಾರೂ ಕ್ರಿಸ್‌ಮಸ್ ಎನ್ನುತ್ತಿರಲಿಲ್ಲ, ಮಕ್ಕಳೇ. ನಮ್ಮ ಕೊಂಕಣಿಯಲ್ಲಿ ಅದು ನತಾಲ್. ಶಿರ್ತಾಡಿಯ ನಮ್ಮ ಹಂಚಿನ ಮನೆಗೆ ನತಾಲ್ ಮೊದಲು ಪರಿಮಳವಾಗಿ ಬರುತ್ತಿತ್ತು. ಅಮ್ಮ ತೆಂಗಿನೆಣ್ಣೆಯಲ್ಲಿ ನೆವ್ರಿ, ಕಿಡಿಯೊ, ಚಕ್ಕುಲಿ ಕರಿಯುತ್ತಿದ್ದರು. ಈ ಹಬ್ಬದ ತಿಂಡಿಗಳಿಗೆಲ್ಲ ಸೇರಿ ಕುಸ್ವಾರ್ ಎಂದು ಹೆಸರು. ಕರಿದದ್ದು ನೇರ ಡಬ್ಬಿಗೆ. ಇಗರ್ಜಿಯಲ್ಲಿ, ಎಂದರೆ ಚರ್ಚಿನಲ್ಲಿ, ಹಬ್ಬದ ಬಲಿಪೂಜೆ ಮುಗಿಯುವವರೆಗೆ ಒಂದು ಚೂರು ಕೂಡ ಬಾಯಿಗಿಲ್ಲ! ಮೂಗಿಗೆ ಮಾತ್ರ ಅಮ್ಮನ ಅಡ್ಡಿ ಇರಲಿಲ್ಲ.

ಗೋದಲಿ ಕಟ್ಟುವ ಕೆಲಸ ಅಪ್ಪನದ್ದು. ಯೇಸು ಹುಟ್ಟಿದ ಕೊಟ್ಟಿಗೆಯನ್ನು ನಾವು ಹಾಗೆ ಕರೆಯುತ್ತೇವೆ. ಅಪ್ಪ ಚಾವಡಿಯ ಮೂಲೆಯಲ್ಲಿ ಬಿದಿರು ನಿಲ್ಲಿಸಿ, ಬೈಹುಲ್ಲು ಹೊದೆಸಿ ಮಾಡು ಕಟ್ಟುತ್ತಿದ್ದರು. ಅಕ್ಕ ಮೊದಲೇ ತೆಂಗಿನ ಗೆರಟೆಗಳಲ್ಲಿ ರಾಗಿ ಬಿತ್ತಿ ನೀರು ಹಾಕುತ್ತಿದ್ದಳು. ಹಬ್ಬದ ಹೊತ್ತಿಗೆ ಅದು ಬೆರಳುದ್ದ ಬೆಳೆದು ಗೋದಲಿಯ ಮುಂದೆ ಹಸಿರು ಗದ್ದೆಯಾಗುತ್ತಿತ್ತು. ಜೋಸೆಫರು, ಮರಿಯಮ್ಮ, ದನ, ಕುರಿ ಎಲ್ಲ ಅವರವರ ಜಾಗದಲ್ಲಿ ನಿಲ್ಲುತ್ತಿದ್ದರು. ನಡುವಿನ ಹುಲ್ಲಿನ ಹಾಸಿಗೆ ಮಾತ್ರ ಖಾಲಿ. ಬಾಲಯೇಸುವಿನ ಪುಟ್ಟ ಮೂರ್ತಿಯನ್ನು ಅಕ್ಕ ಕರ್ಚೀಫಿನಲ್ಲಿ ಸುತ್ತಿ ಮರದ ಪೆಟ್ಟಿಗೆಯಲ್ಲಿ ಇಟ್ಟಿರುತ್ತಿದ್ದಳು. ಹಬ್ಬದ ಪೂಜೆ ಮುಗಿಸಿ ಬಂದ ಮೇಲೆಯೇ ಅದು ಹೊರಗೆ ಬರಬೇಕು.

ಆ ವರ್ಷ ಬೊಂಬಾಯಿಯಿಂದ ಚಿಕ್ಕಪ್ಪ ಬಂದಿದ್ದರು, ಕೊರಳಲ್ಲಿ ಕ್ಯಾಮೆರಾ! ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಒಂದೇ ಒಂದು ಫೋಟೋವೂ ಇರಲಿಲ್ಲ. ಗೋದಲಿಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತೇನೆಂದು ನಾನು ಇಡೀ ಶಾಲೆಗೆ ಡಂಗುರ ಸಾರಿ ಬಂದಿದ್ದೆ. ಆದರೆ ಚಿಕ್ಕಪ್ಪ ಹಬ್ಬಕ್ಕೆ ತಮ್ಮ ಹೆಂಡತಿಯ ಮನೆಗೆ, ಬೆಳ್ತಂಗಡಿಗೆ ಹೋಗಬೇಕಿತ್ತು. ಹಬ್ಬದ ಹಿಂದಿನ ದಿನ ಮಧ್ಯಾಹ್ನ ಬಸ್ಸಿಗೆ ಹೊರಡುವ ಮೊದಲು ಅವರು ನಮ್ಮನ್ನೆಲ್ಲ ಚಾವಡಿಗೆ ಕರೆದರು. ನಾನು ತಲೆಗೆ ಎಣ್ಣೆ ಹಚ್ಚಿ ಬಾಚಿ ಮೊದಲೇ ತಯಾರಾಗಿದ್ದೆ.

ಚಿಕ್ಕಪ್ಪ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡಿ, "ಇದೆಂತದ್ದು, ಮಗುವೇ ಇಲ್ಲ! ಪೆಟ್ಟಿಗೆ ತಾ ಮಗಾ," ಎಂದು ಅಕ್ಕನಿಗೆ ಹೇಳಿದರು. ಅಕ್ಕ ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡು ಅಪ್ಪನ ಮುಖ ನೋಡಿದಳು.

"ಇವತ್ತು ಇಡ್ಲಿಕ್ಕಿಲ್ಲ," ಎಂದರು ಅಪ್ಪ.

"ಅಣ್ಣಾ, ಒಂದು ನಿಮಿಷ ಇಟ್ಟು ತೆಗೆಯುವ. ಯಾರಿಗೆ ಗೊತ್ತಾಗ್ತದೆ?"

"ನನಗೆ ಗೊತ್ತಾಗ್ತದೆ ಅಲ್ಲ! ಫೋಟೋಕ್ಕೆ ಬೇಕೂಂತ ದೇವರು ಮೊದಲೇ ಹುಟ್ಟುವುದುಂಟಾ ಮಾರಾಯ?"

ಚಿಕ್ಕಪ್ಪನ ಮುಖ ಗಂಟಾಯಿತು. ಮಗುವಿಲ್ಲದ ಗೋದಲಿಗೆ ಫಿಲ್ಮ್ ದಂಡ ಎಂದು ಕ್ಯಾಮೆರಾದ ಚೀಲಕ್ಕೆ ಕೈ ಹಾಕಿಯೇಬಿಟ್ಟರು. ನನಗೋ ಜೀವವೇ ಹೋದ ಹಾಗಾಯಿತು. ಅಪ್ಪನ ಪಂಚೆ ಹಿಡಿದು ಜಗ್ಗಿ, "ಇಡಿ ಅಪ್ಪಾ, ಒಂದು ಸಲ ಇಡಿ," ಎಂದು ಗೋಗರೆದೆ. ಕೊನೆಗೆ ಹೋ ಎಂದು ಅತ್ತೆ. ಅಪ್ಪ ಜಪ್ಪೆನ್ನಲಿಲ್ಲ. ನನ್ನ ಅಳು ನೋಡಲಾರದೆ ಚಿಕ್ಕಪ್ಪನೇ ಗೊಣಗುತ್ತ ಫೋಟೋ ತೆಗೆದರು. ನನಗೆ ಅಪ್ಪನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ರಾತ್ರಿ ಪೂಜೆಗೆಂದು ಇಗರ್ಜಿಗೆ ಹೋಗುವಾಗ ದಾರಿಯುದ್ದಕ್ಕೂ ಅವರ ಕೈ ಹಿಡಿಯಲಿಲ್ಲ.

ಪೂಜೆ ಮುಗಿಸಿ ಬಂದು ಅಪ್ಪ ಗೋದಲಿಯ ಮುಂದೆ ಮೇಣದ ಬತ್ತಿ ಹಚ್ಚಿದರು. ಅಕ್ಕ ಪೆಟ್ಟಿಗೆ ತೆರೆದಳು. ಪ್ರತಿ ವರ್ಷ ಮಗುವನ್ನು ಮಲಗಿಸುತ್ತಿದ್ದವರು ಅಪ್ಪ. ಆ ಸಲ ಅದನ್ನು ನನ್ನ ಅಂಗೈಯಲ್ಲಿಟ್ಟು, "ನೀನೇ ಮಲಗಿಸು, ಮೆಲ್ಲ," ಎಂದರು. ನಾನು ಹುಲ್ಲಿನ ಮೇಲೆ ಮಲಗಿಸಿದ ಕೂಡಲೇ ಎಲ್ಲರೂ ಮಂಡಿಯೂರಿ ಹಾಡಿದರು. ಅಷ್ಟು ದಿನ ಖಾಲಿ ನೋಡಿ ನೋಡಿ ಕಾದದ್ದಕ್ಕೇ ಇರಬೇಕು, ನಿಜವಾಗಿಯೂ ನಮ್ಮ ಮನೆಯಲ್ಲಿ ಈಗಷ್ಟೇ ಒಂದು ಮಗು ಹುಟ್ಟಿದ ಹಾಗೆ ನನಗೆ ಅನ್ನಿಸಿತು. ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಆಮೇಲೆ ಡಬ್ಬಿ ತೆರೆಯಿತು, ನಾನು ಎರಡೂ ಕೈಯಲ್ಲಿ ನೆವ್ರಿ ಹಿಡಿದುಕೊಂಡು ತಿಂದೆ.

ಈಗ ನಾವು ಇರುವುದು ಮೂಡುಬಿದಿರೆಯಲ್ಲಿ. ಡಿಸೆಂಬರ್ ಹುಟ್ಟುವ ಮೊದಲೇ ಅಂಗಡಿಗಳಲ್ಲಿ ಕೆಂಪು ಟೊಪ್ಪಿ, ಕೇಕು, ಡಬಡಬ ಹಾಡು. ಈ ಸೆಕೆಯಲ್ಲಿ ಹತ್ತಿಯ ಹಿಮ ಬೇರೆ! ಕಳೆದ ವರ್ಷ ನನ್ನ ಮೊಮ್ಮಕ್ಕಳೂ ಗೋದಲಿ ಸ್ಪರ್ಧೆಗೆ ಹೆಸರು ಕೊಟ್ಟರು. ಬಣ್ಣದ ಲೈಟು ಹಾಕಲಿ, ಕಾರಂಜಿ ಮಾಡಲಿ, ಗಾಳಿ ತುಂಬಿದ ಕ್ರಿಸ್‌ಮಸ್ ತಾತನನ್ನೂ ನಿಲ್ಲಿಸಲಿ, ನಾನು ತುಟಿ ಬಿಚ್ಚಲಿಲ್ಲ. ಆದರೆ ತೀರ್ಪುಗಾರರು ಬರುವುದು ಹಬ್ಬಕ್ಕೆ ಮೊದಲು. ಅಕ್ಕನ ಆ ಮರದ ಪೆಟ್ಟಿಗೆ ಆಗ ನನ್ನ ಬಳಿ ಇತ್ತು. "ಮಗು ಇಲ್ಲದಿದ್ದರೆ ಮಾರ್ಕ್ ಹೋಗ್ತದೆ ಅಜ್ಜ, ಪೆಟ್ಟಿಗೆ ಕೊಡಿ," ಎಂದು ಇಬ್ಬರೂ ನನ್ನ ಹಿಂದೆ ಬಿದ್ದರು. ನನ್ನ ಮಗ ಕೂಡ, "ಇರಲಿ ಅಪ್ಪ, ಮಕ್ಕಳು ಆಸೆ ಪಡ್ತಾರೆ," ಎಂದ.

"ಆಗ್ಲಿಕ್ಕಿಲ್ಲ," ಎಂದೆ. ಗೋಡೆಯ ಮೇಲಿದ್ದ ಆ ಹಳೆಯ ಫೋಟೋ ಇಳಿಸಿ ಮೊಮ್ಮಕ್ಕಳ ಕೈಗೆ ಕೊಟ್ಟು, ನಿಮಗೆ ಈಗ ಹೇಳಿದ್ದನ್ನೆಲ್ಲ ಹೇಳಿದೆ. ಅದರಲ್ಲಿ ಅತ್ತು ಕಣ್ಣು ಊದಿಸಿಕೊಂಡ ನಾನು, ಪೆಟ್ಟಿಗೆ ಅಪ್ಪಿ ಹಿಡಿದ ಅಕ್ಕ, ಹಿಂದೆ ಖಾಲಿ ಗೋದಲಿ. ಮೊಮ್ಮಗ ಕಪ್ ಹೋಯಿತೆಂದು ಮುಖ ಊದಿಸಿಕೊಂಡು ಎದ್ದುಹೋದ. ಮೊಮ್ಮಗಳು ಮಾತ್ರ ಫೋಟೋವನ್ನು ತುಂಬ ಹೊತ್ತು ನೋಡುತ್ತ ಕುಳಿತಳು.

ತೀರ್ಪುಗಾರರು ಬಂದರು. ಅವರಲ್ಲಿ ಒಬ್ಬರು ಬಗ್ಗಿ ನೋಡಿ, "ಎಲ್ಲ ಚಂದ ಉಂಟು. ಮುಖ್ಯವಾದದ್ದನ್ನೇ ಮರೆತಿದ್ದೀರಲ್ಲ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಮೊಮ್ಮಗಳು ಹೇಳಿದಳು: "ಮರೆಯಲಿಲ್ಲ ಅಂಕಲ್, ಇನ್ನೂ ಹುಟ್ಟಲಿಲ್ಲ ಅಲ್ಲ? ಹಬ್ಬದ ದಿನ ಬನ್ನಿ, ತೋರಿಸ್ತೇನೆ."

ಕಪ್ ಪಕ್ಕದ ಬೀದಿಯವರ ಪಾಲಾಯಿತು. ಹೋಗಲಿ ಬಿಡಿ! ನಿಮ್ಮ ಕಾಲಕ್ಕೆ ಲೈಟು ಉಂಟು, ಹಾಡು ಉಂಟು, ಬೇಕೆಂದಾಗಲೆಲ್ಲ ಕೇಕು ಉಂಟು. ಅದೆಲ್ಲ ನನಗೂ ಇಷ್ಟವೇ. ಆದರೆ ಯಾರಿಗಾಗಿ ಈ ಸಡಗರವೋ ಆ ಮಗುವಿಗೆ ನಮ್ಮ ಮನೆಯಲ್ಲಿ ಹುಟ್ಟುವ ದಿನ ಒಂದೇ. ಅದನ್ನು ಯಾವ ಕಪ್ಪಿಗೂ ಹಿಂದೆ ಮುಂದೆ ಮಾಡಲಿಕ್ಕಿಲ್ಲ. ಈ ವರ್ಷವೂ ಸ್ಪರ್ಧೆ ಉಂಟಂತೆ. ಮರದ ಪೆಟ್ಟಿಗೆ ಈಗ ನನ್ನ ಬಳಿ ಇಲ್ಲ, ಮೊಮ್ಮಗಳ ಬಳಿ ಉಂಟು. ಧೈರ್ಯವಿದ್ದವರು ಅವಳನ್ನೇ ಕೇಳಿ ನೋಡಿ.